ಅಂಗೈಯಗಲದ ಫೋನು ಮತ್ತು ನಮ್ಮ ಉತ್ತರ ಬೆಂಗಳೂರು

ಮೊನ್ನೆ ಅಮ್ಮನ ಫೋನು ಕೈಕೊಟ್ಟಿತು. ಚಿಕ್ಕದು, ಬಹಳ ಹಳೆಯದು. ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳ ಎದ್ದು ಬಂದಿತ್ತು. ಹೊಸದು ಕೊಡಿಸೋಣ ಅಂತ ಆರ್.ಟಿ. ನಗರದ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅಮ್ಮನದು ಒಂದೇ ಷರತ್ತು. "ಒಂದು ಕೈಯಲ್ಲಿ ಹಿಡಿಯೋ ಹಾಗಿರ್ಬೇಕು. ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡ್ಕೋಬೇಕಲ್ಲ?"

ಅಂಗಡಿ ಹುಡುಗ ಹತ್ತು ಫೋನು ಸಾಲಾಗಿ ಇಟ್ಟ. ಎಲ್ಲವೂ ಸ್ಲೇಟಿನ ಹಾಗೆ!

"ಚಿಕ್ಕದು ಇಲ್ವೇನಪ್ಪ?"

"ಕೀಪ್ಯಾಡ್ ಫೋನ್ ಇದೆ ಆಂಟಿ."

"ಅದರಲ್ಲಿ ಮೊಮ್ಮಗಳ ಮುಖ ಕಾಣುತ್ತಾ?"

ಹುಡುಗ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದ. "ಸ್ವಲ್ಪ ಚಿಕ್ಕದು ಬೇಕಂದ್ರೆ ಐವತ್ತು ಸಾವಿರದ ಮೇಲೆ ಹೋಗ್ಬೇಕು ಸಾರ್..."

ಇದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಚಿಕ್ಕ ಪಾತ್ರೆಗೆ ದೊಡ್ಡ ಪಾತ್ರೆಗಿಂತ ಕಡಿಮೆ ಬೆಲೆ. ಚಿಕ್ಕ ಬಾಳೆಹಣ್ಣಿಗೆ... ಸರಿ, ಏಲಕ್ಕಿ ಬಾಳೆಯ ಮಾತು ಬೇಡ ಬಿಡಿ :) ಫೋನಿನಲ್ಲಿ ಮಾತ್ರ ಚಿಕ್ಕದಕ್ಕೆ ಯಾಕೆ ಜಾಸ್ತಿ ದುಡ್ಡು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅಮೆರಿಕಕ್ಕೋ ಕೊರಿಯಾಕ್ಕೋ ಹೋಗಬೇಕಿಲ್ಲ, ಹೆಬ್ಬಾಳದ ಫ್ಲೈಓವರ್ ಸುತ್ತಮುತ್ತಲೇ ಅರ್ಧ ಕಥೆ ಸಿಗುತ್ತದೆ. ಹೆಬ್ಬಾಳದಿಂದ ಮೇಖ್ರಿ ಸರ್ಕಲ್‌ಗೆ ಬಂದು ಯಶವಂತಪುರದ ಕಡೆ ತಿರುಗಿದರೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ರಿಂಗ್ ರೋಡಿನಲ್ಲಿ ಪಶ್ಚಿಮಕ್ಕೆ ಹೋದರೆ ಬಿಇಎಲ್ ಸರ್ಕಲ್, ಜಾಲಹಳ್ಳಿ. ಇನ್ನೂ ಮುಂದೆ ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ. ಉತ್ತರಕ್ಕೆ ಹೋದರೆ ಯಲಹಂಕ, ಆಮೇಲೆ ದೇವನಹಳ್ಳಿ. ಕಥೆ ಇದೇ ಕ್ರಮದಲ್ಲಿ ಸಾಗುತ್ತದೆ.

*

ಸಿಂಪ್ಯೂಟರ್ ನಿಮಗೆ ನೆನಪಿದೆಯಾ? ಎರಡು ಸಾವಿರದ ಆಚೀಚೆ ಪೇಪರ್ ಓದುತ್ತಿದ್ದವರಿಗೆ ಖಂಡಿತ ನೆನಪಿರುತ್ತದೆ.

1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ವಿಚಾರ ಸಂಕಿರಣದಲ್ಲಿ ಹುಟ್ಟಿದ ಯೋಚನೆ ಅದು. ಕಂಪ್ಯೂಟರ್ ಕೊಳ್ಳಲಾರದ, ಇಂಗ್ಲಿಷ್ ಬಾರದ, ಓದಲೂ ಬಾರದ ಹಳ್ಳಿಯವರ ಕೈಗೆ ಮಾಹಿತಿ ತಲುಪಿಸುವುದು ಹೇಗೆ ಅಂತ. ವಿಜ್ಞಾನ ಸಂಸ್ಥೆಯ ನಾಲ್ವರು ಮೇಷ್ಟ್ರುಗಳು (ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್) ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಮಾಡಿಕೊಂಡರು. 2001ರ ಏಪ್ರಿಲ್ 25ರಂದು ಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಡಬ್ಬಿ, 320 ಬೈ 240 ಚುಕ್ಕಿಗಳ ಪರದೆ, ಒಳಗೆ ಲಿನಕ್ಸ್. ಪ್ರೊಸೆಸರ್ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್, 206 ಮೆಗಾಹರ್ಟ್ಸ್. ಆಗ ಸಾಹೇಬರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಕಾಂಪ್ಯಾಕ್ ಐಪ್ಯಾಕ್‌ನಲ್ಲಿ ಇದ್ದದ್ದೂ ಅದೇ ಚಿಪ್! ಆದರೆ ಇದು ಹಿಂದಿ, ತಮಿಳು, ಕನ್ನಡಗಳಿಗಾಗಿ ಮಾಡಿದ್ದು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಇತ್ತು. ನಾವೆಲ್ಲ ಮುಂದೆ ಎಷ್ಟೋ ವರ್ಷ ಮೊಬೈಲಿನಲ್ಲಿ ಕನ್ನಡ ತೆರೆದರೆ ಬರೀ ಚೌಕ ಚೌಕ ನೋಡಿದ್ದೇವೆ. ಆಂಡ್ರಾಯ್ಡ್‌ಗೆ ಕನ್ನಡ ಸರಿಯಾಗಿ ಬರತೊಡಗಿದ್ದು 2012ರ 4.1 ಆವೃತ್ತಿಯಿಂದ. ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳು ಅದಕ್ಕೂ ಹನ್ನೊಂದು ವರ್ಷ ಮೊದಲೇ ಅಂಗೈ ಯಂತ್ರಕ್ಕೆ ಕನ್ನಡ ಓದಲು ಕಲಿಸಿದ್ದರು.

ನನಗೆ ತುಂಬಾ ಇಷ್ಟವಾಗುವುದು ಅವರು ಬೆಲೆಯ ಲೆಕ್ಕ ಬಿಡಿಸಿದ ರೀತಿ. ಗುರಿ ಇಟ್ಟುಕೊಂಡಿದ್ದು ಸುಮಾರು 9,000 ರೂಪಾಯಿ. ಅಷ್ಟು ಕೂಡ ಹಳ್ಳಿಯ ಒಂದು ಮನೆಗೆ ಭಾರವೇ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಸ್ಮಾರ್ಟ್ ಕಾರ್ಡ್ ಇಟ್ಟರು. ಯಂತ್ರ ಊರಿಗೆ ಒಂದು, ಕಾರ್ಡು ಆಳಿಗೆ ಒಂದು. ನಿಮ್ಮ ಕಾರ್ಡು ತೂರಿಸಿದರೆ ಅದು ನಿಮ್ಮ ಯಂತ್ರ, ತೆಗೆದು ಪಕ್ಕದವರು ಅವರದ್ದು ಹಾಕಿದರೆ ಅವರದ್ದು. ಊರ ಬಾವಿಗೆ ಅವರವರ ಹಗ್ಗ ಬಿಂದಿಗೆ ತೆಗೆದುಕೊಂಡು ಹೋದ ಹಾಗೆ.

ನ್ಯೂಯಾರ್ಕ್ ಟೈಮ್ಸ್‌ನವರೂ 2001ರ ಕೊನೆಯಲ್ಲಿ ಇದನ್ನು ಹೊಗಳಿ ಬರೆದರು. ಮೇಷ್ಟ್ರುಗಳು ಪಿಕೋಪೀಟಾ ಅಂತ ಕಂಪನಿ ಮಾಡಿದರು. ಜಾಲಹಳ್ಳಿಯ ಬಿಇಎಲ್, ಅಂದರೆ ಸೈನ್ಯಕ್ಕೆ ರೇಡಾರ್ ಮಾಡುವ ಅದೇ ಭಾರತ್ ಎಲೆಕ್ಟ್ರಾನಿಕ್ಸ್, ತಯಾರಿಕೆಗೆ ಕೈಜೋಡಿಸಿತು. 2004ರ ಏಪ್ರಿಲ್‌ನಲ್ಲಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ಕಪ್ಪು ಬಿಳುಪಿನದಕ್ಕೆ 9,950 ರೂಪಾಯಿ, ಬಣ್ಣದ ಪರದೆಯದಕ್ಕೆ 19,950. ಅದರಲ್ಲಿ ಚಲನೆ ಗುರುತಿಸುವ ಸೆನ್ಸರ್ ಇತ್ತು, ಕೈ ಅಲುಗಿಸಿದರೆ ಪುಟ ತಿರುಗುತ್ತಿತ್ತು. ಫೋನು ಓರೆ ಮಾಡಿದರೆ ಚಿತ್ರ ತಿರುಗುತ್ತೆ ಅಂತ ಐಫೋನ್ ನೋಡಿ ಜಗತ್ತು ಬಾಯಿ ಬಿಟ್ಟಿದ್ದು 2007ರಲ್ಲಿ!

ಆದರೆ ಏನಾಯಿತು? 50,000 ಮಾರುವ ಅಂದಾಜು ಇತ್ತು. 2005ರ ಹೊತ್ತಿಗೆ ಮಾರಾಟವಾಗಿದ್ದು ಸುಮಾರು 4,000. ಕರ್ನಾಟಕ ಸರ್ಕಾರ ಭೂ ದಾಖಲೆ ಕೆಲಸಕ್ಕೆ ಕೆಲವನ್ನು ಬಳಸಿತು, ಅಲ್ಲಿ ಇಲ್ಲಿ ಒಂದಷ್ಟು ಪ್ರಯೋಗ ನಡೆಯಿತು, ಅಷ್ಟೇ.

*

ಯಾಕೆ ಸೋತಿತು ಅನ್ನುವುದಕ್ಕೆ ಹಲವು ಕಾರಣ ಕೊಡುತ್ತಾರೆ. ಸರ್ಕಾರ ದೊಡ್ಡದಾಗಿ ಕೊಳ್ಳಲಿಲ್ಲ, ಅದು ಮೂಲತಃ ಫೋನ್ ಆಗಿರಲಿಲ್ಲ, ಹೀಗೆ. ಅದೇ ಕಾಲದಲ್ಲಿ ಏನಾಗುತ್ತಿತ್ತು ನೋಡಿ. 2003ರ ಮೇ ತಿಂಗಳಿಂದ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಜುಲೈನಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿ ಫೋನ್ ತಗೊಂಡು ಹೋಗಿ ಅಂದರು. ಅದೇ ವರ್ಷ ಟಾರ್ಚ್ ಇರುವ ನೋಕಿಯಾ 1100 ಬಂತು, ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಮಾತಾಡುವುದು ಅಗ್ಗವಾದ ಮೇಲೆ 9,950 ಕೊಟ್ಟು ಓದುವ ಯಂತ್ರ ಯಾರು ತೆಗೆದುಕೊಳ್ಳುತ್ತಾರೆ?

ಆದರೆ ಇದರೊಳಗೆ ಇನ್ನೊಂದು ಲೆಕ್ಕ ಇದೆ, ಅಂಗಡಿ ಹುಡುಗನ ಮಾತಿಗೆ ಉತ್ತರ ಇರುವುದು ಅಲ್ಲಿ. ಒಂದು ಯಂತ್ರದ ವಿನ್ಯಾಸ, ಅಚ್ಚು, ಪರೀಕ್ಷೆ, ತಂತ್ರಾಂಶ ಇವಕ್ಕೆಲ್ಲ ಸೇರಿ 10 ಕೋಟಿ ಖರ್ಚು ಅಂತ ಸುಮ್ಮನೆ ಇಟ್ಟುಕೊಳ್ಳಿ. 50,000 ಮಾರಿದರೆ ಒಂದೊಂದರ ತಲೆ ಮೇಲೆ ಬೀಳುವುದು 2,000 ರೂಪಾಯಿ. 4,000 ಮಾರಿದರೆ 25,000! ಯಂತ್ರದ ಅಳತೆ ಎಷ್ಟಾದರೂ ಈ ಖರ್ಚು ಕಡಿಮೆಯಾಗುವುದಿಲ್ಲ. ಪರದೆ ಒಂದಿಂಚು ಚಿಕ್ಕದಾದರೆ ಉಳಿಯುವುದು ಸ್ವಲ್ಪ ಗಾಜು. ಚಿಪ್ ಅದೇ, ಕ್ಯಾಮೆರಾ ಅದೇ, ಕೆಲಸಗಾರರ ಸಂಬಳ ಅದೇ. ಮೇಲಾಗಿ ಎಲ್ಲವನ್ನೂ ಇಕ್ಕಟ್ಟಿನಲ್ಲಿ ತುರುಕುವ ತಲೆನೋವು ಬೇರೆ. ಅಂದರೆ ಚಿಕ್ಕದು ಅಗ್ಗವಾಗಬೇಕಾದರೆ ಬಹಳ ಜನ ಕೊಳ್ಳಬೇಕು, ಬಹಳ ಜನ ಕೊಳ್ಳಬೇಕಾದರೆ ಅದು ಅಗ್ಗವಾಗಿರಬೇಕು. ಹುಚ್ಚು ಬಿಡದೆ ಮದುವೆ ಆಗೋದಿಲ್ಲ, ಮದುವೆ ಆಗದೆ ಹುಚ್ಚು ಬಿಡೋದಿಲ್ಲ.

ಈ ಗಂಟು ಬಿಚ್ಚಲು ಸಿಂಪ್ಯೂಟರಿನವರು ಹುಡುಕಿದ ದಾರಿ ಹಂಚಿಕೊಳ್ಳುವುದು. ಅದು ನಡೆಯಲಿಲ್ಲ.

*

ಇನ್ನೊಂದು ದಾರಿ ಇತ್ತು. ಅದು ಸಿಕ್ಕಿದ್ದು ಪೀಣ್ಯದಲ್ಲಿ. ದಾರಿ ಪೀಣ್ಯದವರದ್ದಲ್ಲ, ಆಪಲ್‌ನವರದ್ದು. ಆದರೆ ಜೋಡಣೆ ನಡೆದಿದ್ದು ಇಲ್ಲಿ.

2016ರಲ್ಲಿ ಎಲ್ಲರೂ ದೊಡ್ಡ ಪರದೆಯ ಹಿಂದೆ ಬಿದ್ದಿದ್ದಾಗ ಆಪಲ್ ಐಫೋನ್ ಎಸ್‌ಇ ತಂದಿತು. 4 ಇಂಚು ಪರದೆ, 113 ಗ್ರಾಂ ತೂಕ. ಮೈ 2013ರ ಐಫೋನ್ 5ಎಸ್‌ನದ್ದು, ಮಿದುಳು 2015ರ 6ಎಸ್‌ನದ್ದು. ಅಚ್ಚಿನ ಖರ್ಚು ಯಾವತ್ತೋ ತೀರಿಹೋಗಿತ್ತು ನೋಡಿ! ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ. ಭಾರತದಲ್ಲಿ ಶುರುವಿನ ಬೆಲೆ 39,000 ರೂಪಾಯಿ, ನಮ್ಮಂಥವರಿಗೆ ಅದೂ ಜಾಸ್ತಿಯೇ. ಆದರೆ 2017ರ ಮೇ ಹೊತ್ತಿಗೆ ವಿಸ್ಟ್ರಾನ್ ಕಂಪನಿಯ ಪೀಣ್ಯ ಘಟಕದಲ್ಲಿ ಅದರ ಜೋಡಣೆ ಶುರುವಾಯಿತು. ಭಾರತದಲ್ಲಿ ಜೋಡಿಸಿದ ಮೊಟ್ಟಮೊದಲ ಐಫೋನ್ ಅದು, ಮತ್ತು ಅದೊಂದು ಪುಟ್ಟ ಫೋನು. ಆಮದು ಮಾಡಿದ ಫೋನಿಗೆ ಸುಂಕ 2017ರ ಡಿಸೆಂಬರಿನಲ್ಲಿ ಶೇಕಡಾ 15, 2018ರ ಫೆಬ್ರವರಿಯಲ್ಲಿ 20 ಆದಾಗಲೂ ಎಸ್‌ಇ ಬೆಲೆ ಏರಲಿಲ್ಲ. ಆನ್‌ಲೈನ್ ರಿಯಾಯಿತಿಯಲ್ಲಿ 20,000ದ ಆಸುಪಾಸಿಗೂ ಸಿಗುತ್ತಿತ್ತು. 2018ರ ಸೆಪ್ಟೆಂಬರಿನಲ್ಲಿ ಆಪಲ್ ಅದನ್ನು ನಿಲ್ಲಿಸಿತು.

ಅದೇ 2017ರಲ್ಲಿ ಇನ್ನೊಂದು ಪುಟ್ಟ ಫೋನು ಬಂದಿತ್ತು. 2.4 ಇಂಚಿನ ಜಿಯೋಫೋನ್, ವಾಪಸು ಸಿಗುವ 1,500 ರೂಪಾಯಿ ಠೇವಣಿಗೆ. ಅಲ್ಲಿ ಫೋನಿನ ಬೆಲೆಯನ್ನು ಡೇಟಾ ಮಾರಿ ಸರಿದೂಗಿಸುವ ಲೆಕ್ಕ. ಆದರೆ ಹಿಂದಿನ ವರ್ಷದಿಂದ ಜಿಯೋ ಸುರಿದ ಆ ಅಗ್ಗದ ಡೇಟಾವೇ ಪುಟ್ಟ ಪರದೆಗೆ ಮುಳುವಾಯಿತು ಅಂತ ನನಗನ್ನಿಸುತ್ತದೆ. ಮನೆಮಂದಿಯೆಲ್ಲ ಫೋನಿನಲ್ಲೇ ಸಿನಿಮಾ, ಸೀರಿಯಲ್ಲು, ಕ್ರಿಕೆಟ್ಟು ನೋಡತೊಡಗಿದ ಮೇಲೆ ನಾಲ್ಕು ಇಂಚು ಯಾರಿಗೆ ಸಾಕಾಗುತ್ತದೆ? ದಿನವಿಡೀ ವಿಡಿಯೋ ನೋಡಬೇಕಾದರೆ ದೊಡ್ಡ ಬ್ಯಾಟರಿ ಬೇಕು, ಅದಕ್ಕೆ ದೊಡ್ಡ ಮೈ ಬೇಕು. ಅನೇಕ ಮನೆಗಳಲ್ಲಿ ಫೋನೇ ಟಿವಿ, ಫೋನೇ ಕಂಪ್ಯೂಟರ್. ಒಂದೇ ಯಂತ್ರ ಕೊಳ್ಳಲು ಆಗುವವರು ದೊಡ್ಡದನ್ನೇ ಕೊಳ್ಳುತ್ತಾರೆ, ಅದು ತಪ್ಪೂ ಅಲ್ಲ.

2020ರಲ್ಲಿ ಆಪಲ್ ಹೊಸದಾಗಿ ಅಚ್ಚು ಹಾಕಿಯೇ ಚಿಕ್ಕ ಫೋನು ಮಾಡಿ ನೋಡಿತು. ಐಫೋನ್ 12 ಮಿನಿ, ಮರುವರ್ಷ 13 ಮಿನಿ. ಎರಡಕ್ಕೂ ಇಲ್ಲಿ 69,900 ರೂಪಾಯಿ, ದೊಡ್ಡಣ್ಣನಿಗೆ 79,900. ಹತ್ತು ಸಾವಿರ ಸೇರಿಸಿದರೆ ದೊಡ್ಡದೇ ಸಿಗುತ್ತಲ್ಲ ಅಂತ ಜನ ಅದನ್ನೇ ತೆಗೆದುಕೊಂಡರು. 2022ರಲ್ಲಿ ಮಿನಿ ಜಾಗಕ್ಕೆ ಇನ್ನೂ ದೊಡ್ಡದಾದ 14 ಪ್ಲಸ್ ಬಂತು. 2023ರ ಸೆಪ್ಟೆಂಬರಿನಲ್ಲಿ 13 ಮಿನಿ ಕೂಡ ಹೋಯಿತು. ಚಿಕ್ಕ ಫೋನು ಚೆನ್ನಾಗಿ ಮಾಡುತ್ತಿದ್ದ ಸೋನಿ 2019ರಲ್ಲೇ ಭಾರತದ ಮೊಬೈಲ್ ವ್ಯಾಪಾರ ಬಿಟ್ಟಿತ್ತು.

ಒಂದು ತಮಾಷೆ ಕೇಳಿ. 2011ರಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ ಬಂದಾಗ ಪರದೆ 5.3 ಇಂಚು. ಇದೇನು ಫೋನಾ ಹಲಗೆಯಾ ಅಂತ ನಕ್ಕಿದ್ದೆವು. 13 ಮಿನಿಯ ಪರದೆ 5.4 ಇಂಚು. ಇದು ತೀರಾ ಚಿಕ್ಕದಾಯಿತು ಅಂದೆವು! (ನ್ಯಾಯವಾಗಿ ಹೇಳಬೇಕೆಂದರೆ ನೋಟ್‌ಗೆ ದಪ್ಪ ಅಂಚಿತ್ತು, ಅಗಲ 83 ಮಿಲಿಮೀಟರ್. ಮಿನಿಯದು 64.) 2025ರಲ್ಲಿ 6.32 ಇಂಚಿನ ಒನ್‌ಪ್ಲಸ್ 13ಎಸ್ ಅನ್ನು ಕಾಂಪ್ಯಾಕ್ಟ್ ಅಂತ ಮಾರಿದರು, ಬೆಲೆ 54,999 ರೂಪಾಯಿಯಿಂದ. ಅಂಗಡಿ ಹುಡುಗ ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು.

*

ಈಗ ಯಲಹಂಕ ದಾಟಿ ದೇವನಹಳ್ಳಿ ಕಡೆ ಹೋಗೋಣ. ದೊಡ್ಡಬಳ್ಳಾಪುರದ ದಿಕ್ಕಿಗೆ ಫಾಕ್ಸ್‌ಕಾನ್‌ನ ದೊಡ್ಡ ಕಾರ್ಖಾನೆ ಎದ್ದಿದೆ, ಸುಮಾರು 300 ಎಕರೆ. 2025ರಲ್ಲಿ ಅಲ್ಲಿ ಐಫೋನ್ ತಯಾರಿಕೆ ಶುರುವಾಯಿತು. ಅಲ್ಲಿಂದ ಹೊರಬರುವ ಐಫೋನ್ 17ರ ಪರದೆ 6.3 ಇಂಚು. 2025ರಲ್ಲಿ ಬಂದ ಆ ಸಾಲಿನಲ್ಲಿ ಅದೇ ಚಿಕ್ಕದಾಗಿತ್ತು!

ಎಸ್‌ಇ ಅನ್ನುವ ಹೆಸರೂ 2025ರ ಫೆಬ್ರವರಿಯಲ್ಲಿ ಮುಗಿಯಿತು. ಅದರ ಜಾಗಕ್ಕೆ ಬಂದ 16ಇ ಬೆಲೆ 59,900 ರೂಪಾಯಿ, ಪರದೆ 6.1 ಇಂಚು. ಯಾಕೆಂದರೆ ಅಣ್ಣನ ಅಂಗಿಯೇ ದೊಡ್ಡದಾಗಿಬಿಟ್ಟಿದೆ. ಹಳೆಯ ಅಚ್ಚಿನಲ್ಲಿ ಹೊಸ ಫೋನು ಎರೆಯುವ ಉಪಾಯಕ್ಕೆ ಹಳೆಯದು ಚಿಕ್ಕದಾಗಿರಬೇಕಲ್ಲ? ಮಿನಿಯ ಅಚ್ಚು ಇತ್ತು, ಆಪಲ್ ಆರಿಸಿಕೊಂಡಿದ್ದು 14ರದ್ದನ್ನು.

ಹಾಗಾದರೆ ಚಿಕ್ಕ ಫೋನಿನ ಭವಿಷ್ಯ ಏನು? ಬೇಕು ಅನ್ನುವವರು ಇಲ್ಲ ಅಂತ ನಾನು ಒಪ್ಪುವುದಿಲ್ಲ. ಅಮ್ಮಂದಿರಿದ್ದಾರೆ, ಚಿಕ್ಕ ಕೈಯವರಿದ್ದಾರೆ, ಬಸ್ಸಿನಲ್ಲಿ ನಿಂತು ಹೋಗುವವರಿದ್ದಾರೆ, ಬೆರಳು ನೋವಿನವರಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಹತ್ತು ಹನ್ನೆರಡು ಸಾವಿರದ ಗಿರಾಕಿಗಳು. ಕಂಪನಿಗಳು ಚಿಕ್ಕ ಫೋನು ಮಾಡುವುದು ಐವತ್ತು ಸಾವಿರದ ಗಿರಾಕಿಗೆ. ಅವನು ದೊಡ್ಡದನ್ನೇ ಒಯ್ಯುತ್ತಾನೆ, ಚಿಕ್ಕದಕ್ಕೆ ಬೇಡಿಕೆಯೇ ಇಲ್ಲ ಅಂತ ಷರಾ ಬರೆದುಬಿಡುತ್ತಾರೆ. ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳು ಸೋತಿರಬಹುದು. ಆದರೆ ಈ ಯಂತ್ರ ಯಾರ ಕೈಗೆ ಅನ್ನುವ ಪ್ರಶ್ನೆಯನ್ನು ಮೊದಲು ಕೇಳಿಕೊಂಡು ಆಮೇಲೆ ಅಳತೆ ಬೆಲೆ ಗೊತ್ತುಮಾಡಿದ್ದರು. ದೇವನಹಳ್ಳಿಗೆ ಜಾಗವಿದೆ, ಯಂತ್ರವಿದೆ, ಕೈಗಳಿವೆ. ಆ ಪ್ರಶ್ನೆ ಮಾತ್ರ ಜಾಲಹಳ್ಳಿಯಿಂದ ಅಲ್ಲಿಯವರೆಗೆ ಬಂದಿಲ್ಲ.

ಅಮ್ಮ ಅವತ್ತು ಏನನ್ನೂ ಕೊಳ್ಳಲಿಲ್ಲ. ಯಶವಂತಪುರದಲ್ಲಿ ರಿಪೇರಿಯವನೊಬ್ಬ ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿಕೊಟ್ಟ. 2025ರ ಜನವರಿಯಲ್ಲಿ ವಾಟ್ಸಾಪ್ ಆಂಡ್ರಾಯ್ಡ್ 4.4ರ ಫೋನುಗಳನ್ನು ಕೈಬಿಟ್ಟಿತು. ಅಮ್ಮನದು ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿದೆ. ಮುಂದಿನ ಸರದಿ ಅದರದ್ದೇ ಅಂತ ನನಗೆ ಗೊತ್ತು, ಅವರಿಗಿನ್ನೂ ಹೇಳಿಲ್ಲ. ಸದ್ಯ ಒಂದು ಕೈಯಲ್ಲಿ ಮೊಮ್ಮಗಳ ಮುಖ, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ.

ನಿಮ್ಮ ಮನೆಯ ಹಿರಿಯರು ಯಾವ ಫೋನು ಹಿಡಿದಿದ್ದಾರೆ? ಡ್ರಾಯರ್‌ನಲ್ಲಿ ಚಿಕ್ಕದೊಂದು ಬಿದ್ದಿದ್ದರೆ ಎಸೆಯಬೇಡಿ ಮಾರಾಯ್ರೆ... ನನಗೊಂದು ಮಾತು ತಿಳಿಸಿ.