ಒಳತೋಡಿನ ತಾಮ್ರದ ಕೊಳವೆ: ಪೇಟೆಂಟ್ ಇತಿಹಾಸ

ಏರ್ ಕಂಡೀಷನರ್ ಹಾಗೂ ಶೈತ್ಯಯಂತ್ರಗಳ ಕಾಯಿಲ್‌ನಲ್ಲಿ ಶೀತಕ ಹರಿಯುವ ತಾಮ್ರದ ಕೊಳವೆಯ ಒಳಮೈಗೆ ಸಣ್ಣ ಸುರುಳಿ ತೋಡುಗಳನ್ನು ಮೂಡಿಸಿರುತ್ತಾರೆ. ಈ ತೋಡುಗಳಿಗೆ ಪೇಟೆಂಟ್ ಕೊಡಬಹುದೇ ಎಂಬ ಪ್ರಶ್ನೆ ಅರ್ಧ ಶತಮಾನದಿಂದ ನಡೆದುಬಂದಿದೆ.

ಮೂಲ ಆಲೋಚನೆ ಹೊಸದಲ್ಲ. ಜೇಮ್ಸ್ ಜೂಲ್ 1861ರಲ್ಲೇ ಹಬೆ ಕಂಡೆನ್ಸರಿನ ತಣ್ಣೀರಿನ ಹಾದಿಯಲ್ಲಿ ತಂತಿಸುರುಳಿ ಇಟ್ಟು ಪರೀಕ್ಷಿಸಿದ್ದರು. ಏರಿಳಿತದ ಮೇಲ್ಮೈಯಲ್ಲಿ ದ್ರವದ ಪದರ ತಾನಾಗಿ ತೆಳುವಾಗುತ್ತದೆಂದು ಗ್ರೆಗೊರಿಗ್ 1954ರಲ್ಲಿ ತೋರಿಸಿದರು. ಹೀಗಾಗಿ ಬರಿಯ 'ತೋಡು' ಎಂಬುದನ್ನು ಯಾರೂ ತಮ್ಮ ಸ್ವತ್ತೆನ್ನುವಂತಿರಲಿಲ್ಲ.

ಜಪಾನಿನ ಹಿಟಾಚಿ ಕಂಪನಿಗೆ 1977ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿದ್ದು ತೋಡಿನ ಸೂಕ್ಷ್ಮತೆಯ ಬಲದಿಂದ. ಬಳಕೆಯಲ್ಲಿರುವ 9.52 ಮಿ.ಮೀ. ಕೊಳವೆಯೊಂದನ್ನು ಅಡ್ಡ ಕತ್ತರಿಸಿ ನೋಡಿದರೆ ಸುಮಾರು 60 ಏಣುಗಳು ಕಾಣುತ್ತವೆ. ಒಂದೊಂದರ ಎತ್ತರ ಸುಮಾರು 0.2 ಮಿ.ಮೀ. ಮಾತ್ರ. ಕೊಳವೆಯನ್ನು ಎಳೆಯುತ್ತಿರುವಾಗ ಒಳಗೆ ತೋಡುಗಳುಳ್ಳ ಗಟ್ಟಿ ಲೋಹದ ಪ್ಲಗ್ ನಿಂತಿರುತ್ತದೆ, ಹೊರಗೆ ಉಕ್ಕಿನ ಗುಂಡುಗಳು ಸುತ್ತುತ್ತ ತಾಮ್ರವನ್ನು ಅದರ ಮೇಲೆ ಒತ್ತುತ್ತವೆ. ಒಳಮೈಯ ವಿಸ್ತೀರ್ಣ ಒಂದೂವರೆ ಪಟ್ಟಿನ ಆಸುಪಾಸಿಗೆ ಏರುತ್ತದೆ. ಶಾಖ ಸಾಗಣೆ ಮಾತ್ರ ಎರಡು ಪಟ್ಟನ್ನೂ ದಾಟಬಲ್ಲದು. ತಳದಲ್ಲಿ ನಿಲ್ಲಬೇಕಿದ್ದ ದ್ರವವನ್ನು ತೋಡುಗಳು ಮೇಲಕ್ಕೆಳೆದು ಒಳಗೋಡೆಯನ್ನೆಲ್ಲ ತೇವವಾಗಿಡುವುದೇ ಇದಕ್ಕೆ ಮುಖ್ಯ ಕಾರಣ. ವಿಸ್ತೀರ್ಣದ ಲೆಕ್ಕಕ್ಕೆ ಮೀರಿದ ಈ ಲಾಭವೇ ಪೇಟೆಂಟ್ ವಾದದ ಜೀವಾಳ.

ಮುಂದಿನದು ಅಂಕಿಗಳ ಪೈಪೋಟಿ. ಹಿಟಾಚಿ ಕೇಬಲ್‌ನ 1987ರ ಅಮೆರಿಕನ್ ಪೇಟೆಂಟ್ ತೋಡಿನ ಆಳವನ್ನು ಒಳವ್ಯಾಸದ 0.02ರಿಂದ 0.03 ಪಾಲಿಗೂ ಸುರುಳಿಯ ಕೋನವನ್ನು 7ರಿಂದ 30 ಡಿಗ್ರಿಗೂ ಕಟ್ಟಿಹಾಕಿತು. ಪೇಟೆಂಟ್ ಪರೀಕ್ಷಕರ ಕೈಯಲ್ಲಿ ಆಗಲೇ ಒಂದು ಅಸ್ತ್ರವಿತ್ತು. ಗೊತ್ತಿರುವ ವಿಧಾನದಲ್ಲಿ ಮಾಮೂಲಿ ಪ್ರಯೋಗಗಳಿಂದ ಒಳ್ಳೆಯ ಅಳತೆ ಹುಡುಕಿದರೆ ಅದು ಆವಿಷ್ಕಾರವಲ್ಲ ಎಂದು ಅಮೆರಿಕದ ನ್ಯಾಯಾಲಯ 1955ರ 'ಅಲ್ಲರ್' ಪ್ರಕರಣದಲ್ಲಿ ಹೇಳಿತ್ತು. ಆ ಮೊಕದ್ದಮೆ ಫೀನಾಲ್ ತಯಾರಿಕೆಯದು, ಕೊಳವೆಯದಲ್ಲ. ಆ ತೀರ್ಪಿನ ತತ್ವವನ್ನು ದಾಟಬೇಕಾದರೆ ಆಯ್ದ ಮಿತಿಯೊಳಗೆ ಪರಿಣಾಮದ ಸ್ವರೂಪವೇ ಬದಲಾಗುತ್ತದೆಂದು ತೋರಿಸಬೇಕು. ಅದಕ್ಕಿಂತ ಆಕಾರ ಬದಲಿಸುವುದು ಸಲೀಸು: ಕ್ಯಾರಿಯರ್ ಕಂಪನಿಯ 1994ರ ಪೇಟೆಂಟಿನಲ್ಲಿ ಏಣುಗಳಿಗೇ ಅಡ್ಡಲಾಗಿ ಕಚ್ಚುಗಳಿವೆ. ಜಪಾನಿನ ಬೌದ್ಧಿಕ ಆಸ್ತಿ ಹೈಕೋರ್ಟ್ 2005ರಲ್ಲಿ, ಧ್ರುವೀಕರಣ ಫಿಲ್ಮ್‌ನ ಪ್ರಕರಣವೊಂದರಲ್ಲಿ, ಅಂಕಿಗಳ ಮಿತಿ ಹಾಕಿ ಹಕ್ಕು ಕೇಳುವವರು ಅದಕ್ಕೆ ತಕ್ಕಷ್ಟು ಉದಾಹರಣೆಗಳನ್ನೂ ಒದಗಿಸಬೇಕೆಂದು ಬಿಗಿ ಮಾಡಿತು.

ಭಾರತದಲ್ಲಿ ಅಳತೆಗೋಲಾಗಿರುವುದು ಮಿರ್ಜಾಪುರದ ಪಾತ್ರೆ ಉದ್ಯಮದ ವ್ಯಾಜ್ಯ. ಪಾತ್ರೆಯನ್ನು ಲೇತ್‌ನಲ್ಲಿ ಹಿಡಿದಿಡುವ ಸಾಧನದ ಬಗ್ಗೆ 1978ರ ಡಿಸೆಂಬರ್‌ನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಕಾರ್ಖಾನೆಯ ನುರಿತ ಕೆಲಸಗಾರ ಸಹಜವಾಗಿ ಮಾಡಬಹುದಾದ ಸುಧಾರಣೆಗೆ ಪೇಟೆಂಟ್ ಇಲ್ಲವೆಂದಿತು. ತೋಡಿನ ಕೋನವನ್ನು ಎರಡು ಡಿಗ್ರಿ ಬದಲಿಸಿ ಅರ್ಜಿ ಹಾಕುವವರಿಗೂ ಇದೇ ಪರೀಕ್ಷೆ.