ಅಂಕಿ ಉಳಿದು ಅಕ್ಷರ ಮರೆಯಾದ ಪುಟ: ಆರ್ ಭಾಷೆಯ ಮಾರ್ಕಪ್ ಚರಿತ್ರೆಯಲ್ಲಿ ಕನ್ನಡ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ವಿಜಯಪುರ ಜಿಲ್ಲೆಯ ಈ ನಾಲ್ಕು ಹೆಸರುಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಎದುರು ಆಡುನುಡಿಯ ರೂಪಗಳನ್ನೂ ಅವುಗಳ ಎಣಿಕೆಯನ್ನೂ ಇಟ್ಟು, ಆರ್ ಎಂಬ ಸಂಖ್ಯಾಶಾಸ್ತ್ರೀಯ ಗಣಕಭಾಷೆಯಿಂದ ಜಾಲಪುಟವೊಂದನ್ನು ಕಟ್ಟಲು ನಾವು ಮೊದಲ ಬಾರಿ ತೊಡಗಿದಾಗ ದೊರೆತದ್ದು ಅಚ್ಚುಕಟ್ಟಾದ ಕೋಷ್ಟಕ. ಗೆರೆಗಳಿದ್ದವು, ಅಂಕಿಗಳಿದ್ದವು; ಊರ ಹೆಸರುಗಳೂ ನುಡಿರೂಪಗಳೂ ಇರಲಿಲ್ಲ. ಗಣಕವು ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಆ ಬರಿದಾದ ಅಂಕಣಗಳು ಹೇಗೆ ಉಂಟಾದವೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ಆರಂಭಿಸಿದ ಎಸ್ ಭಾಷೆಯ ಮಾದರಿಯಲ್ಲಿ, ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಹಾಗೂ ರಾಬರ್ಟ್ ಜೆಂಟಲ್‌ಮನ್ 1990ರ ದಶಕದಲ್ಲಿ ಆರ್ ಭಾಷೆಯನ್ನು ರೂಪಿಸಿದರು. ಅದರ ಹುಟ್ಟಿನ ಉದ್ದೇಶ ಲೆಕ್ಕ. ಪಠ್ಯವೆಂಬುದು ಅಲ್ಲಿ ಬಹುಕಾಲ ಲೆಕ್ಕದ ತಲೆಚೀಟಿ ಮಾತ್ರವಾಗಿತ್ತು. ಫಲಿತಾಂಶವನ್ನು ಜಾಲಪುಟವಾಗಿ ಹೊರತರುವ ಯತ್ನಗಳಲ್ಲಿ ಎರಿಕ್ ಲೆಕೂತ್ರ್ 2003ರಲ್ಲಿ ವಿವರಿಸಿದ ಆರ್‌2ಎಚ್‌ಟಿಎಂಎಲ್, 2009ರ ಎಚ್‌ರೈಟರ್ ಮುಖ್ಯವಾದವು. 2014ರಲ್ಲಿ ಬಂದ ಎಚ್‌ಟಿಎಂಎಲ್‌ಟೂಲ್ಸ್ ಎಂಬ ಸಾಧನದಲ್ಲಿ ಪ್ರತಿ ಟ್ಯಾಗ್ ಒಂದು ಫಂಕ್ಷನ್. ಹೊರಗಿನದರ ಆವರಣದೊಳಗೆ ಒಳಗಿನದನ್ನು ಬರೆಯುತ್ತ ಹೋದರೆ ಮುಗಿಸುವ ಟ್ಯಾಗ್ ತಾನಾಗಿ ಬಂದು ಕೂಡುತ್ತದೆ. ವಾಕ್ಯರಚನೆಯ ಮರವನ್ನು ಬಿಡಿಸಿ ಅಭ್ಯಾಸವಿರುವವರಿಗೆ ಈ ಬರವಣಿಗೆ ಹೊಸದೆನಿಸದು.

ಅಕ್ಷರ ಮರೆಯಾದದ್ದು ಕಟ್ಟುವ ಹಂತದಲ್ಲಲ್ಲ, ಕಡತಕ್ಕೆ ಬರೆಯುವ ಹಂತದಲ್ಲಿ. ಆರ್ ಭಾಷೆಗೆ ಯುಟಿಎಫ್-8 ಸಂಕೇತಕ್ರಮದ ಬೆಂಬಲ 2005ರಲ್ಲಿಯೇ ದೊರೆತಿತ್ತು. ಲಿನಕ್ಸ್ ಬಳಸುತ್ತಿದ್ದವರಿಗೆ ಕನ್ನಡದ ತೊಡಕು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಸಾಮಾನ್ಯವಾಗಿರುವ ವಿಂಡೋಸ್‌ನಲ್ಲಿ ಮಾತ್ರ, ಸಾಧಾರಣ ಬರಹಾಜ್ಞೆ ಕೊಟ್ಟಾಗ ಪಠ್ಯವು ಮೊದಲು ವ್ಯವಸ್ಥೆಯ ಹಳೆಯ ಸಂಕೇತಪುಟಕ್ಕೆ ಪರಿವರ್ತಿತವಾಗುತ್ತಿತ್ತು. ಆ ಪುಟದಲ್ಲಿ ಇಲ್ಲದ ಅಕ್ಷರದ ಜಾಗದಲ್ಲಿ ಆರ್ ಒಂದು ಬದಲಿಯನ್ನು ಬರೆಯುತ್ತಿತ್ತು: ಕಿರಿದು ಚಿಹ್ನೆ, ಯು ಅಕ್ಷರ, ಕೂಡುವ ಚಿಹ್ನೆ, ನಾಲ್ಕು ಸ್ಥಾನಗಳ ಯೂನಿಕೋಡ್ ಸಂಖ್ಯೆ, ಕೊನೆಗೆ ಹಿರಿದು ಚಿಹ್ನೆ. 'ಇಂಡಿ' ಎಂಬುದರ ಇ, ಅನುಸ್ವಾರ, ಡ, ಗುಡಿಸು ಎಂಬ ನಾಲ್ಕು ಘಟಕಗಳು ಹೀಗೆ 32 ಚಿಹ್ನೆಗಳಾದವು. ಕಿರಿದು–ಹಿರಿದು ಚಿಹ್ನೆಗಳ ನಡುವೆ ಅಕ್ಷರದಿಂದ ಮೊದಲಾಗುವ ಏನಿದ್ದರೂ ಬ್ರೌಸರಿಗೆ ಅದು ಟ್ಯಾಗ್. ಅಪರಿಚಿತ ಟ್ಯಾಗ್ ಆದರೆ ಅದನ್ನು ತೋರಿಸದೆ ಮುಂದೆ ಸಾಗುತ್ತದೆ. ಕನ್ನಡದ ಅಕ್ಷರವೇ ಮಾರ್ಕಪ್ ಎಂದು ಓದಿಸಿಕೊಂಡು ಕಣ್ಮರೆಯಾಯಿತು. ಪಠ್ಯದೊಳಗಿನ ಕಿರಿದು ಚಿಹ್ನೆಯನ್ನು ನಿರಪಾಯಗೊಳಿಸುವ ಏರ್ಪಾಡು ಎಚ್‌ಟಿಎಂಎಲ್‌ಟೂಲ್ಸ್‌ನಲ್ಲಿ ಇದೆ. ಆದರೆ ಅದರ ಕೆಲಸ ಮುಗಿದ ಮೇಲೆ ಸೇರಿಕೊಂಡ ಚಿಹ್ನೆಗೆ ಅದು ತಲುಪುವಂತಿಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ 'ಇಂಡಿ' ಎಂಬುದು ಗಣಕದ ಮಟ್ಟಿಗೆ ಇ, ಎ, ಆರ್ ಎಂಬ ಮೂರು ಲ್ಯಾಟಿನ್ ಅಕ್ಷರಗಳು. ಕನ್ನಡದ ರೂಪ ಬರುವುದು ಫಾಂಟಿನಿಂದ. ಲಿಪಿಯೆಂಬ ನೆಲೆಯಲ್ಲಿ ಅದು ಕನ್ನಡವೇ ಅಲ್ಲ. ಆದಕಾರಣವೇ ಅದು ವಿಂಡೋಸ್‌ನ ಹಳೆಯ ಸಂಕೇತಪುಟವನ್ನು ನಿರಾತಂಕವಾಗಿ ದಾಟಿತು. ಯೂನಿಕೋಡಿಗೆ ಬನ್ನಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ನಮಗೆ, ಹಳೆಯ ಕಡತ ಉಳಿದು ಹೊಸದು ಬರಿದಾದುದನ್ನು ವಿವರಿಸುವುದು ಸುಲಭವಾಗಿರಲಿಲ್ಲ.

ಉಪಭಾಷಾ ಅಧ್ಯಯನಕ್ಕೆ ಇದು ಕೇವಲ ತಾಂತ್ರಿಕ ಕಿರಿಕಿರಿಯಲ್ಲ. ಬರಹದ 'ಮನೆ', 'ತಲೆ', 'ಎಲೆ'ಗಳು ಈ ಭಾಗದ ಮಾತಿನಲ್ಲಿ 'ಮನಿ', 'ತಲಿ', 'ಎಲಿ' ಆಗುತ್ತವೆ. ಎರಡರ ಅಂತರ ಒಂದು ಸ್ವರಚಿಹ್ನೆ, ಗಣಕಕ್ಕೆ ಒಂದು ಸಂಖ್ಯೆ. ಅಷ್ಟನ್ನು ಹಿಡಿಯುವುದಕ್ಕಾಗಿಯೇ ಕ್ಷೇತ್ರಕಾರ್ಯ. ಆ ಚಿಹ್ನೆ ಅಳಿದ ಪುಟದಲ್ಲಿ ಉಳಿಯುವುದು ಯಾವುದರದೆಂದು ತಿಳಿಯದ ಎಣಿಕೆ. ಇದಕ್ಕೆ ಅಂಜಿ ದತ್ತಾಂಶವನ್ನೆಲ್ಲ ರೋಮನ್ ಲಿಪ್ಯಂತರದಲ್ಲಿಯೇ ಇಡುವ ರೂಢಿಯೂ ಇದೆ. ಧ್ವನಿವಿಶ್ಲೇಷಣೆಗೆ ಅದು ಸಾಲಬಹುದು; ಪುಟವನ್ನು ಸಿಂದಗಿಯ ಓದುಗನೂ ಓದಿ ತಿದ್ದಬೇಕೆಂದರೆ ಸಾಲದು.

2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಆರ್ 4.2.0 ಆವೃತ್ತಿ, ವಿಂಡೋಸ್ 10ರ ಈಚಿನ ರೂಪಗಳಲ್ಲಿ ಯುಟಿಎಫ್-8 ಅನ್ನೇ ಸಹಜ ಸಂಕೇತಕ್ರಮವಾಗಿ ಸ್ವೀಕರಿಸಿತು. 2005ರಿಂದ ಎಣಿಸಿದರೆ 17 ವರ್ಷ. ಅದಕ್ಕೂ ಮುನ್ನ, ಪಠ್ಯವನ್ನು ಪರಿವರ್ತಿಸದೆ ಬೈಟುಗಳನ್ನು ಇದ್ದಂತೆಯೇ ಬರೆಯೆಂದು ಆಜ್ಞೆಯಲ್ಲಿ ಸೂಚಿಸುವ ದಾರಿಯೊಂದಿತ್ತು, ಬಲ್ಲವರು ಬಳಸಿದರು.

ಆ ಅವಧಿಯಲ್ಲಿ ಹೀಗೆ ಬರಿದಾದ ಪುಟಗಳನ್ನು ಅಳಿಸಿಬಿಡಬಾರದೆಂಬುದು ನಮ್ಮ ವಿನಂತಿ. ಪರದೆಯ ಮೇಲೆ ಕಾಣದ ಅಕ್ಷರಗಳ ಸಂಖ್ಯೆಗಳು ಪುಟದ ಮೂಲಬರಹದಲ್ಲಿ ಕ್ರಮ ತಪ್ಪದೆ ಉಳಿದಿವೆ. ನಮ್ಮ ಕೋಷ್ಟಕದ ಮೂಲಬರಹವನ್ನು ತೆರೆದು, ಪ್ರತಿ ಸಂಖ್ಯೆಯ ಜಾಗದಲ್ಲಿ ಅದರ ಅಕ್ಷರವನ್ನು ಇಡುವ ಕೆಲವೇ ಸಾಲುಗಳ ಆಜ್ಞೆಯನ್ನು ಅದೇ ಆರ್ ಭಾಷೆಯಲ್ಲಿ ಬರೆದೆವು. ನಾಲ್ಕು ಊರುಗಳೂ ಮರಳಿದವು. 'ಮನಿ' ಕೂಡ, ಗುಡಿಸಿನ ಸಮೇತ.