ಮರದ ನಾದವೋ, ಗಾಳಿಯ ನಾದವೋ?

ಕ್ಲಾರಿನೆಟ್ ವಾದ್ಯವು ನಮ್ಮವರಿಗೆ ಅಪರಿಚಿತವಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿಯೂ ದಕ್ಷಿಣದ ಕಚೇರಿಗಳಲ್ಲಿಯೂ ಅದು ನುಡಿದಿದೆ. ಅದರ ಇಂಪು ಕರಿಯ ಮರದಿಂದ ಬಂದುದೆಂದೂ, ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ಅಂತಹ ನಾದ ಹುಟ್ಟದೆಂದೂ ಅನೇಕ ವಾದಕರ ಮತ. ಈ ನಂಬಿಕೆಯ ಚರಿತ್ರೆಯನ್ನು ತುಸು ಪರಿಶೀಲಿಸೋಣ.

1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಡೆನ್ನರ್ ಎಂಬ ಕುಶಲಿಯು ಈ ವಾದ್ಯವನ್ನು ನಿರ್ಮಿಸಿದನೆಂದು ಪ್ರತೀತಿ. ಆಗ ಅದನ್ನು ಹಳದಿ ಬಣ್ಣದ ಬಾಕ್ಸ್ ಮರದಿಂದ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಂಧ್ರಗಳನ್ನು ಮುಚ್ಚುವ ಲೋಹದ ಕೀಲಿಗಳು ಹೆಚ್ಚಿದಂತೆ, ಅವುಗಳನ್ನು ಭದ್ರವಾಗಿ ಹಿಡಿಯಬಲ್ಲ ಗಟ್ಟಿಯಾದ ಆಫ್ರಿಕಾದ ಕರಿಮರವು ರೂಢಿಗೆ ಬಂದಿತು. ಆ ಮರವನ್ನು ಮೆಚ್ಚಿದವರು ಸಂಗೀತಗಾರರು ಮಾತ್ರವಲ್ಲ, ತಿರುಗಣಿಯ ಮುಂದೆ ಕುಳಿತ ಕೆಲಸಗಾರರೂ ಹೌದು.

ವಸ್ತುವಿನಿಂದ ನಾದ ಬದಲಾಗುವುದೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೂ ಎತ್ತಿಕೊಂಡರು. 1909ರಲ್ಲಿ ಅಮೆರಿಕದ ಡೇಟನ್ ಮಿಲ್ಲರ್ ಎಂಬವರು ತೆಳುವಾದ ಸತುವಿನ ಇಬ್ಬದಿಯ ಗೋಡೆಯುಳ್ಳ ಆರ್ಗನ್ ಕೊಳವೆಯೊಂದನ್ನು ಊದಿಸಿ, ಗೋಡೆಗಳ ನಡುವೆ ನೀರು ತುಂಬಿದಂತೆಲ್ಲ ಧ್ವನಿ ವ್ಯತ್ಯಾಸವಾಗುವುದನ್ನು ತೋರಿಸಿದರು. ವಾದಕರ ಪಕ್ಷವು ಗೆದ್ದಂತೆಯೇ ತೋರಿತು. ಆದರೆ 1964ರಲ್ಲಿ ಜಾನ್ ಬ್ಯಾಕಸ್ ಅವರು ಕ್ಲಾರಿನೆಟ್ಟಿನ ಗೋಡೆಯ ಕಂಪನವನ್ನೇ ಅಳೆದು, ಅದರಿಂದ ನಾದಕ್ಕೆ ಸೇರುವ ಪಾಲು ಗಣನೆಗೆ ಬಾರದಷ್ಟು ಅಲ್ಪವೆಂದು ಕಂಡರು. 1971ರಲ್ಲಿ ಜಾನ್ ಕೋಲ್ಟ್‌ಮನ್ ಅವರು ಬೆಳ್ಳಿ, ತಾಮ್ರ, ಮರಗಳಿಂದ ಒಂದೇ ಅಳತೆಯ ಮೂರು ಕೊಳಲುಗಳನ್ನು ಮಾಡಿಸಿ, ಭಾರದಿಂದ ಗುರುತು ಸಿಕ್ಕದಂತೆ ತಿರುಗುವ ದಂಡಕ್ಕೆ ಜೋಡಿಸಿ ನುಡಿಸಿದರು. ಕೇಳಿದವರಾಗಲಿ, ಊದಿದವರಾಗಲಿ ಭೇದವನ್ನು ಕಾಣಲಾರದೆ ಹೋದರು.

ಕಾರಣವು ಸರಳ. ಇಲ್ಲಿ ನಡುಗುವುದು ಬಾಯಿಯ ಬಳಿಯ ಸೀಳು ಮತ್ತು ಒಳಗಿನ ಗಾಳಿ. ದಪ್ಪನಾದ ದುಂಡು ಕೊಳವೆಯು ಹೆಚ್ಚು ಅಲುಗುವುದಿಲ್ಲ. ಒಳದಾರಿಯ ಅಳತೆ, ನುಣುಪು, ರಂಧ್ರಗಳ ಅಂಚು, ಬಾಯ್ದುಂಡಿನ ಆಕಾರ, ಇವೇ ನಾದವನ್ನು ನಿರ್ಣಯಿಸುವುವು. ಪ್ಲಾಸ್ಟಿಕ್ ವಾದ್ಯವು ಸಾಮಾನ್ಯವಾಗಿ ವಿದ್ಯಾರ್ಥಿಗಳಿಗಾಗಿ ಅಗ್ಗದಲ್ಲಿ ತಯಾರಾದುದು. ಅದರ ದೋಷವು ಹಲವು ವೇಳೆ ಕೆಲಸದ ದೋಷವೇ ಹೊರತು ವಸ್ತುವಿನದಲ್ಲ. ಮರವಾದರೋ ಉಸಿರಿನ ತೇವಕ್ಕೂ ಚಳಿಗೂ ಸಿಕ್ಕಿ ಬಿರಿಯುವುದುಂಟು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಆ ಕರಿಮರವು ನಮ್ಮ ಬೀಟೆಯ ಕುಲಕ್ಕೆ ಸೇರಿದ್ದು. ಟಾಂಜಾನಿಯಾ, ಮೊಜಾಂಬಿಕ್ ಮುಂತಾದೆಡೆ ಬಹು ನಿಧಾನವಾಗಿ ಬೆಳೆಯುವುದು. 2017ರಲ್ಲಿ ಈ ಕುಲದ ಮರಗಳೆಲ್ಲದರ ವ್ಯಾಪಾರವು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿತು. 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ವಾದಕನ ಕೈಗೆ ಮರದ ಸ್ಪರ್ಶವು ಪ್ರಿಯವಾಗಿರಬಹುದು; ಅದನ್ನು ಅಲ್ಲಗಳೆಯಲಾಗದು. ಆದರೆ ಮರ ಕಡಿಯುವುದಕ್ಕೆ ನಾದವನ್ನು ನೆಪವಾಗಿ ಹೇಳುವ ಮುನ್ನ, ಒಮ್ಮೆ ಕಣ್ಣು ಮುಚ್ಚಿ ಕೇಳುವುದು ಒಳ್ಳೆಯದು.